ಮಾಟುಂಗದ ಬಾಳೆ ಎಲೆ ಊಟ

ಪ್ರಶ್ನೆ: ಅಪ್ಪ ಅಮ್ಮನ ಜತೆ ಮುಂಬೈಗೆ ಹೊರಟಿದ್ದೇನೆ. ಝಗಮಗ ಹೋಟೆಲುಗಳೆಂದರೆ ಅವರಿಗೆ ಮುಜುಗರ. ಆರಾಮಾಗಿ ಕೂತು ಉಣ್ಣುವ ಜಾಗ ಹೇಳ್ತೀರಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸೀದಾ ಮಾಟುಂಗಕ್ಕೆ ಕರೆದುಕೊಂಡು ಹೋಗಿ. ಸೆಂಟ್ರಲ್ ಲೈನಿನ ಮಾಟುಂಗ ಸ್ಟೇಷನ್ ಪಕ್ಕದಲ್ಲೇ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. (ವೆಸ್ಟರ್ನ್ ಲೈನಿನ ಮಾಟುಂಗ ರೋಡ್‌ನಲ್ಲಿ ಇಳಿಯಬೇಡಿ, ಅದು ಬೇರೆ ಸ್ಟೇಷನ್.) 1942ರಲ್ಲಿ ಶುರುವಾದ ಹೋಟೆಲು. ಮಹಡಿ ಮೇಲಿದೆ, ಅಮ್ಮನಿಗೆ ಮಂಡಿ ನೋವಿದ್ದರೆ ನಿಧಾನಕ್ಕೆ ಹತ್ತಿಸಿ.

ತಟ್ಟೆ ಊಟವೂ ಸಿಗುತ್ತದೆ, ಆದರೆ ಬಾಳೆ ಎಲೆ ಊಟವನ್ನೇ ಕೇಳಿ. ನಾನು ಮೊದಲ ಸಲ ಹೋದಾಗ ಊರು ಬಿಟ್ಟು ಬಹಳ ದಿನವಾಗಿತ್ತು. ಬಿಸಿ ಸಾರು ಎಲೆಯ ಅಂಚಿಗೆ ಹರಿಯಿತು. ಗಡಿಬಿಡಿಯಲ್ಲಿ ಅನ್ನದ ಕಟ್ಟೆ ಕಟ್ಟಿದೆ. ಬಡಿಸುವವರು ನೋಡಿ ನಕ್ಕು, ಇನ್ನೊಂದು ಹಿಡಿ ಅನ್ನ ಹಾಕಿದರು. ಕಣ್ಣು ತುಂಬಿ ಬಂತು. ಅಷ್ಟು ದೊಡ್ಡ ಊರಿನಲ್ಲಿ ಅವತ್ತೇ ನನಗೆ ಮನೆಯಲ್ಲಿ ಉಂಡಂತಾಗಿದ್ದು.

ಸೋಮವಾರ ಮಾತ್ರ ಹೋಗಬೇಡಿ, ರಜೆ. ಭಾನುವಾರ ಜನ ಜಾಸ್ತಿ. ಊಟವಾದ ಮೇಲೆ ಅಲ್ಲೇ ಹೂವಿನ ಅಂಗಡಿಗಳಿವೆ. ಅಮ್ಮನಿಗೆ ಒಂದು ಮೊಳ ಮಲ್ಲಿಗೆ ಕೊಡಿಸಿ.