ಸ್ಪ್ಯಾನಿಷ್‌ನಲ್ಲಿ ಓದಿದರೆ ಇಂಗ್ಲಿಷ್ ಕೈತಪ್ಪುತ್ತದೆಯೇ?

ಸಂಪಾದಕರ ಉತ್ತರ

ಪ್ರೀತಿಯ ಸಹೋದರಿ,

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪತ್ರ ಉದ್ದವಾಗಿರುವುದರಿಂದ ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ.

ನಿಮ್ಮ ಮನೆಗೆ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಬಹುಪಾಲು ಮಕ್ಕಳು ಮೆಕ್ಸಿಕೋ ಮೂಲದವರು. ಅಪ್ಪ ಅಮ್ಮಂದಿರು ಕಟ್ಟಡ ಕೆಲಸ, ಹೋಟೆಲ್ ಕೆಲಸ, ಮನೆಗೆಲಸ ಮಾಡಿ ಬದುಕುವವರು. ಅಲ್ಲಿ ಕಿಂಡರ್‌ಗಾರ್ಟನ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಪಾಠ ಸ್ಪ್ಯಾನಿಷ್‌ನಲ್ಲಿ ನಡೆಯುತ್ತದೆ. ವರ್ಷ ವರ್ಷಕ್ಕೆ ಇಂಗ್ಲಿಷ್ ಹೆಚ್ಚುತ್ತಾ ಕೊನೆಯ ಕ್ಲಾಸುಗಳಲ್ಲಿ ಅರ್ಧ ಅರ್ಧ ಆಗುತ್ತದೆ. ನೀವು ವಾರಕ್ಕೊಂದು ದಿನ ಲೈಬ್ರರಿ ಕೆಲಸಕ್ಕೆ ಹೋಗುತ್ತೀರಿ. ಈಗ ಪ್ರಿನ್ಸಿಪಾಲ್ ನಿಮ್ಮನ್ನು ಪೋಷಕರ ಸಮಿತಿಗೆ ಕರೆದಿದ್ದಾರೆ. ನಿಮ್ಮ ಪ್ರಶ್ನೆ ಇದು: "ಇರುವವರ ಮಕ್ಕಳಿಗೆ ಎಲ್ಲಿದ್ದರೂ ಇಂಗ್ಲಿಷ್ ಸಿಗುತ್ತದೆ. ಬಡವರ ಮಕ್ಕಳಿಗೆ ಸಿಗುವ ಜಾಗ ಶಾಲೆ ಒಂದೇ. ಅಲ್ಲೂ ಸ್ಪ್ಯಾನಿಷ್ ಕೊಟ್ಟರೆ ಅನ್ಯಾಯ ಅಲ್ವಾ? ಇಂಥ ಶಾಲೆ ನಡೆಸಲು ನಾನು ಕೈಜೋಡಿಸಬೇಕಾ? ಮಗಳನ್ನೂ ಅಲ್ಲಿಗೇ ಸೇರಿಸಬೇಕಾ?"

ನಿಮ್ಮ ಕಾಳಜಿ ನಿಜವಾದದ್ದು. ಆದರೂ ಇದು ಅನ್ಯಾಯ ಎಂಬುದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಓದಿದ್ದು ಬಳ್ಳಾರಿ ಕಡೆಯ ಸರ್ಕಾರಿ ಶಾಲೆಯಲ್ಲಿ. ಒಂದನೇ ಕ್ಲಾಸಿನಲ್ಲಿ ನನ್ನ ಪಕ್ಕ ತಾಂಡಾದ ಒಬ್ಬ ಹುಡುಗಿ ಕೂರುತ್ತಿದ್ದಳು. ಮನೆಯಲ್ಲಿ ಲಂಬಾಣಿ ಮಾತು. ಮೇಷ್ಟ್ರು ಏನು ಕೇಳಿದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ದಡ್ಡಿ ಎಂದು ಹೆಸರಾಯಿತು. ಆಟಕ್ಕೆ ನಿಂತರೆ ಕವಡೆ ಲೆಕ್ಕದಲ್ಲಿ ಅವಳನ್ನು ಸೋಲಿಸುವವರೇ ಇರಲಿಲ್ಲ. ಎರಡನೇ ಕ್ಲಾಸಿಗೆ ಅವಳು ಬರಲೇ ಇಲ್ಲ. ಲೆಕ್ಕ ಅವಳಿಗೆ ಬರುತ್ತಿತ್ತು, ಕೇಳಿದ ಮಾತು ಮಾತ್ರ ಅರ್ಥವಾಗುತ್ತಿರಲಿಲ್ಲ. ನಿಮ್ಮ ಪತ್ರ ಓದುವಾಗ ನೆನಪಾದದ್ದು ಅವಳೇ.

ಐದು ವರ್ಷದ ಮಗು ಓದಲು ಕಲಿಯುವುದು ಒಂದೇ ಸಲ. ಅಕ್ಷರಕ್ಕೆ ಶಬ್ದವಿದೆ, ಶಬ್ದ ಸೇರಿ ಪದವಾಗುತ್ತದೆ, ಪದಕ್ಕೆ ಅರ್ಥವಿದೆ ಎಂಬ ಗುಟ್ಟು ಒಮ್ಮೆ ತಲೆಗೆ ಹತ್ತಿದರೆ ಅದು ಇನ್ನೊಂದು ಭಾಷೆಗೂ ಹೋಗುತ್ತದೆ. ಸ್ಪ್ಯಾನಿಷ್ ಇದಕ್ಕೆ ಹೇಳಿ ಮಾಡಿಸಿದ ಭಾಷೆ. ಬರೆದಂತೆಯೇ ಓದುವುದು ಹೆಚ್ಚು. ಅಲ್ಲಿನ ಮಕ್ಕಳು ಮ, ಮೆ, ಮಿ, ಮೊ, ಮು ಎಂದು ರಾಗವಾಗಿ ಹೇಳುವುದನ್ನು ನೀವು ಲೈಬ್ರರಿಯಿಂದಲೇ ಕೇಳಿರಬೇಕು. ನಮ್ಮ ಕಾಗುಣಿತದ ತಮ್ಮನಂತೆಯೇ ಇದೆ, ಅಲ್ವಾ? ಇಂಗ್ಲಿಷ್‌ನಲ್ಲಿ ಒಂದೇ ಅಕ್ಷರಕ್ಕೆ ನಾಲ್ಕು ಉಚ್ಚಾರ. ಪದದ ಅರ್ಥವೇ ಗೊತ್ತಿಲ್ಲದ ಮಗುವಿಗೆ ಆ ಕಾಟವನ್ನೂ ಮೊದಲ ದಿನವೇ ಹೊರಿಸಿದರೆ ಅದು ಓದುವುದಿಲ್ಲ, ಓದಿದಂತೆ ನಟಿಸುತ್ತದೆ.

"ಇಂಗ್ಲಿಷ್ ಹಿಂದೆ ಬೀಳುವುದಿಲ್ಲವೇ?" ಎಂದೂ ಕೇಳಿದ್ದೀರಿ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಇಂಥ ಶಾಲೆಗಳಿಗೆ ಅರ್ಜಿ ಹಾಕುವವರು ಜಾಸ್ತಿ, ಸೀಟು ಕಡಿಮೆ. ಹಾಗಾಗಿ ಲಾಟರಿ ಎತ್ತುತ್ತಿದ್ದರು. ಸೀಟು ಸಿಕ್ಕ ಮಕ್ಕಳನ್ನೂ ಸಿಗದವರನ್ನೂ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ವರ್ಷಗಟ್ಟಲೆ ಹಿಂಬಾಲಿಸಿ ನೋಡಿತು. 2015ರಲ್ಲಿ ವರದಿ ಬಂತು. ಎರಡು ಭಾಷೆಯಲ್ಲಿ ಓದಿದ ಮಕ್ಕಳು ಇಂಗ್ಲಿಷ್ ಓದಿನಲ್ಲೇ ಐದನೇ ಕ್ಲಾಸಿನ ಹೊತ್ತಿಗೆ ಸುಮಾರು 7 ತಿಂಗಳು, ಎಂಟನೇ ಕ್ಲಾಸಿಗೆ ಸುಮಾರು 9 ತಿಂಗಳು ಮುಂದಿದ್ದರು. ಗಣಿತ, ವಿಜ್ಞಾನದಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ, ನಷ್ಟವೂ ಆಗಲಿಲ್ಲ. ಫಲ ಸಿಗುವುದು ನಿಧಾನವಾಗಿ. ಮೊದಲ ಎರಡು ವರ್ಷದ ಇಂಗ್ಲಿಷ್ ಅಂಕ ನೋಡಿ ಎದೆಗುಂದುವವರು ಆ ಫಲ ಕಾಣುವುದೇ ಇಲ್ಲ.

ಇನ್ನು ನಿಮ್ಮ ಊರಿನ ಕಥೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಆ ಶಾಲೆ ಇವತ್ತು ಪಡುವ ಕಷ್ಟದ ಬೇರು ಇಲ್ಲಿದೆ.

1918ರಲ್ಲಿ ಟೆಕ್ಸಾಸ್ ಒಂದು ಕಾನೂನು ಮಾಡಿತು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಹೇಳುವ ಶಿಕ್ಷಕರು ಅಪರಾಧಿಗಳು ಎಂಬಂಥ ಕಾನೂನು. ನಿಮ್ಮ ಊರಿನಿಂದ ಸುಮಾರು 140 ಕಿಲೋಮೀಟರ್ ದಕ್ಷಿಣಕ್ಕೆ ಕೊಟುಲಾ ಎಂಬ ಊರಿದೆ. 1928ರಲ್ಲಿ ಅಲ್ಲಿನ ಮೆಕ್ಸಿಕನ್ ಮಕ್ಕಳ ಶಾಲೆಗೆ ಇಪ್ಪತ್ತು ವರ್ಷದ ಒಬ್ಬ ಯುವಕ ಮೇಷ್ಟ್ರಾಗಿ ಬಂದರು. ಹೆಸರು ಲಿಂಡನ್ ಜಾನ್ಸನ್. ಮೊದಲ ಸಂಬಳದಲ್ಲಿ ಮಕ್ಕಳಿಗೆ ಆಟದ ಸಾಮಾನು ತಂದುಕೊಟ್ಟರು. ಹಾಗೆಯೇ ಶಾಲೆಯಲ್ಲಿ ಇಂಗ್ಲಿಷೇ ಆಡಬೇಕೆಂದು ಕಟ್ಟುನಿಟ್ಟೂ ಮಾಡಿದರು. ಆಗಿನ ಕಾಲದ ಪ್ರೀತಿಯೂ ಹಾಗೇ ಇತ್ತು. ಮುಂದೆ ಅಮೆರಿಕದ ಅಧ್ಯಕ್ಷರಾದ ಮೇಲೆ, 1965ರಲ್ಲಿ, ಸಂಸತ್ತಿನ ಮುಂದೆ ನಿಂತು ಅವರು ಆ ಮಕ್ಕಳನ್ನು ನೆನೆದರು. ಬೆಳಗಿನ ತಿಂಡಿಯಿಲ್ಲದೆ ಹಸಿದು ಬರುತ್ತಿದ್ದರು, ಅವರಲ್ಲಿ ಇಂಗ್ಲಿಷ್ ಬರುತ್ತಿದ್ದವರು ಕೆಲವರೇ, ನನಗೆ ಸ್ಪ್ಯಾನಿಷ್ ಅಷ್ಟಾಗಿ ಬರುತ್ತಿರಲಿಲ್ಲ ಎಂದರು. 1968ರ ಜನವರಿಯಲ್ಲಿ ದೇಶದ ಮೊದಲ ದ್ವಿಭಾಷಾ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದವರೂ ಅವರೇ. ಆ ಮಸೂದೆ ತಂದ ಸೆನೆಟರ್ ರಾಲ್ಫ್ ಯಾರ್ಬರೋ ಕೂಡ ಟೆಕ್ಸಾಸ್‌ನವರು.

ರಾಜ್ಯದ ಪಶ್ಚಿಮದಲ್ಲಿ ಮಾರ್ಫಾ ಎಂಬ ಸಣ್ಣ ಊರಿನ ಶಾಲೆಯಲ್ಲಿ 1954ರಲ್ಲಿ ನಡೆದದ್ದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಮಕ್ಕಳ ಕೈಯಲ್ಲಿ ಚೀಟಿ ಮೇಲೆ ಸ್ಪ್ಯಾನಿಷ್ ಪದ ಬರೆಸಿ, ಪೆಟ್ಟಿಗೆಗೆ ಹಾಕಿಸಿ, ಶಾಲೆಯ ಅಂಗಳದಲ್ಲಿ ಹೂಳಿಸಿದರು. "ಮಿಸ್ಟರ್ ಸ್ಪ್ಯಾನಿಷ್" ಸತ್ತರು ಎಂದು ಅಣಕು ಶವಸಂಸ್ಕಾರ. ಆ ಬ್ಲ್ಯಾಕ್‌ವೆಲ್ ಶಾಲೆ ಈಗ ರಾಷ್ಟ್ರೀಯ ಐತಿಹಾಸಿಕ ತಾಣ. 2022ರಲ್ಲಿ ಅದಕ್ಕೆ ಕಾನೂನಾಯಿತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಿಮ್ಮ ಶಾಲೆಗೆ ಟೀಚರ್ ಸಿಗುತ್ತಿಲ್ಲ ಎಂದು ಬರೆದಿದ್ದೀರಿ. "ಊರ ತುಂಬ ಸ್ಪ್ಯಾನಿಷ್ ಮಾತಾಡುವವರೇ ಇರುವಾಗ ಟೀಚರ್ ಕೊರತೆ ಹೇಗೆ?" ಎಂದು ಆಶ್ಚರ್ಯಪಟ್ಟಿದ್ದೀರಿ. ಸ್ಪ್ಯಾನಿಷ್ ಆಡಿದ್ದಕ್ಕೆ ಶಾಲೆಯಲ್ಲಿ ಏಟು ತಿಂದ ಅಜ್ಜಿ ತನ್ನ ಮಗಳಿಗೆ ಆ ಭಾಷೆ ಕಲಿಸಲಿಲ್ಲ, ಅವಳಿಗೂ ಏಟು ಬೀಳದಿರಲಿ ಎಂದು. ಆ ಮಗಳ ಮಗಳು ಈಗ ಟೀಚರ್ ಆಗಬೇಕು. ಅಡುಗೆಮನೆಯ ಸ್ಪ್ಯಾನಿಷ್ ಅವಳಿಗೆ ಬರುತ್ತದೆ. ಆದರೆ ಭಿನ್ನರಾಶಿಯ ಅಂಶ, ಛೇದ, ಗಿಡದ ಕಾಂಡ, ಆವಿಯಾಗುವುದು, ಇವನ್ನೆಲ್ಲ ಸ್ಪ್ಯಾನಿಷ್‌ನಲ್ಲಿ ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ. ಟೆಕ್ಸಾಸ್‌ನಲ್ಲಿ ದ್ವಿಭಾಷಾ ಶಿಕ್ಷಕಿಯಾಗಲು ಸ್ಪ್ಯಾನಿಷ್‌ನಲ್ಲಿ ಓದಿ, ಕೇಳಿ, ಬರೆದು, ಮಾತಾಡುವ ಪರೀಕ್ಷೆ ಪಾಸಾಗಬೇಕು. ಅಲ್ಲೇ ಎಷ್ಟೋ ಜನ ಎಡವುತ್ತಾರೆ. ಆಮೇಲೆ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳು (ಸ್ಕೂಲ್ ಡಿಸ್ಟ್ರಿಕ್ಟ್) ಮೆಕ್ಸಿಕೋದಿಂದ, ಸ್ಪೇನ್‌ನಿಂದ ವೀಸಾ ಮೇಲೆ ಟೀಚರ್‌ಗಳನ್ನು ಕರೆಸುತ್ತವೆ. ಅವರು ಕೆಲವು ವರ್ಷ ಇದ್ದು ಹೊರಡುತ್ತಾರೆ. ನಿಮ್ಮ ಸಮಿತಿ ಏನಾದರೂ ಒಂದೇ ಒಂದು ಕೆಲಸ ಮಾಡುವುದಾದರೆ, ಆ ಶಾಲೆಯಲ್ಲಿ ಈಗಾಗಲೇ ಸಹಾಯಕಿಯರಾಗಿರುವ, ಊಟದ ಹಾಲ್ ನೋಡಿಕೊಳ್ಳುವ ತಾಯಂದಿರಲ್ಲಿ ಟೀಚರ್ ಆಗಬೇಕೆಂಬ ಆಸೆ ಇರುವವರನ್ನು ಹುಡುಕಿ, ಅವರ ಕಾಲೇಜು ಫೀಸಿಗೂ ಪರೀಕ್ಷೆಯ ತಯಾರಿಗೂ ಬೆನ್ನಿಗೆ ನಿಲ್ಲಲಿ. ಅವರು ಅದೇ ಬೀದಿಯವರು. ಊರು ಬಿಟ್ಟು ಹೋಗುವವರಲ್ಲ.

ದುಡ್ಡಿನ ವಿಷಯ. ನಿಮ್ಮ ಊರಿನ ಎಡ್ಜ್‌ವುಡ್ ಪ್ರದೇಶದ ಪೋಷಕರು, ಡಿಮೆಟ್ರಿಯೋ ರೋಡ್ರಿಗೆಸ್ ಮುಂದಾಗಿ, ಇದೇ ವಿಷಯಕ್ಕೆ ಕೋರ್ಟಿಗೆ ಹೋಗಿದ್ದರು. ಆಗ ಎಡ್ಜ್‌ವುಡ್‌ನಲ್ಲಿ ಮಗುವಿಗೆ ವರ್ಷಕ್ಕೆ 356 ಡಾಲರ್ ಖರ್ಚಾಗುತ್ತಿತ್ತು. ಅದೇ ಊರಿನ ಸಿರಿವಂತರ ಅಲಾಮೋ ಹೈಟ್ಸ್‌ನಲ್ಲಿ 594. ಆಯಾ ಪ್ರದೇಶದ ಆಸ್ತಿ ತೆರಿಗೆಯಿಂದ ಶಾಲೆ ನಡೆದರೆ ಹೀಗೇ ಆಗುವುದು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರಲ್ಲಿ ಪೋಷಕರ ವಿರುದ್ಧ ತೀರ್ಪು ಕೊಟ್ಟಿತು. 1989ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಎಡ್ಜ್‌ವುಡ್ ಗೆದ್ದಿತು. ಈಗಿನ ಲೆಕ್ಕದಲ್ಲಿ ದ್ವಿಭಾಷಾ ತರಗತಿಯ ಮಗುವಿಗೆ ರಾಜ್ಯದಿಂದ ಮೂಲ ಅನುದಾನದ ಮೇಲೆ ಶೇ 10 ಹೆಚ್ಚು ಬರುತ್ತದೆ. ನಿಮ್ಮ ಶಾಲೆಯಂತೆ ಎರಡೂ ಭಾಷೆಯನ್ನು ಕೊನೆತನಕ ನಡೆಸಿದರೆ, 2019ರ ಕಾನೂನಿನ ಪ್ರಕಾರ ಇಂಗ್ಲಿಷ್ ಕಲಿಯುತ್ತಿರುವ ಮಗುವಿಗೆ ಶೇ 15. ಈ ಹಣ ಎಲ್ಲಿ ಹೋಯಿತು ಎಂದು ಸಮಿತಿಯಲ್ಲಿ ಕೂತು ಕೇಳುವ ಹಕ್ಕು ನಿಮಗಿದೆ. ಸ್ಪ್ಯಾನಿಷ್ ಪುಸ್ತಕ ಸಾಲದೆ ಟೀಚರ್ ರಾತ್ರಿ ಕೂತು ಇಂಗ್ಲಿಷ್ ಪಾಠವನ್ನು ಅನುವಾದ ಮಾಡುತ್ತಿದ್ದರೆ, ಕೇಳಲೇಬೇಕು.

ಟೆಕ್ಸಾಸ್‌ನಲ್ಲಿ ಅನುದಾನ ಲೆಕ್ಕ ಹಾಕುವುದು ದಿನದ ಸರಾಸರಿ ಹಾಜರಿಯ ಮೇಲೆ. ಮಗು ಬರದಿದ್ದರೆ ಹಣವೂ ಕಡಿಮೆ. ಮಗು ಯಾಕೆ ಬರುವುದಿಲ್ಲ? ಅಮ್ಮನ ಪಾಳಿ ಬದಲಾಯಿತು, ಕಾರು ಕೆಟ್ಟಿತು, ಹಲ್ಲುನೋವು. 2025ರ ಜನವರಿಯಿಂದ ಇನ್ನೊಂದು ಕಾರಣ ಸೇರಿತು. ಶಾಲೆ, ಆಸ್ಪತ್ರೆ, ಚರ್ಚ್‌ನಂಥ ಜಾಗಗಳಲ್ಲಿ ವಲಸೆ ಅಧಿಕಾರಿಗಳು ಸಾಮಾನ್ಯವಾಗಿ ಕಾರ್ಯಾಚರಣೆ ಮಾಡಬಾರದು ಎಂಬ ಹಳೆಯ ಸೂಚನೆಯನ್ನು ಕೇಂದ್ರ ಸರ್ಕಾರ ಹಿಂತೆಗೆದುಕೊಂಡಿತು. ಕಾಗದಪತ್ರ ಇಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯ ಹಕ್ಕಿದೆ ಎಂದು 1982ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ಟೆಕ್ಸಾಸ್‌ನದೇ ಪ್ರಕರಣದಲ್ಲಿ. ಆದರೆ ಗೇಟಿನ ಹತ್ತಿರ ಗುರುತಿಲ್ಲದ ಕಾರು ನಿಂತರೆ ತಾಯಿಗೆ ಹಕ್ಕು ನೆನಪಾಗುವುದಿಲ್ಲ. ಇಂಥ ಹೊತ್ತಲ್ಲಿ ಆಫೀಸಿನ ಫೋನ್ ಎತ್ತುವವರು ಸ್ಪ್ಯಾನಿಷ್‌ನಲ್ಲಿ "ಗಾಬರಿಯಾಗಬೇಡಿ, ನಾವಿದ್ದೇವೆ" ಎನ್ನಲು ಬರಬೇಕು. ದ್ವಿಭಾಷಾ ಶಾಲೆ ಅಂದರೆ ಕ್ಲಾಸಿನೊಳಗೆ ಮಾತ್ರ ಎರಡು ಭಾಷೆ ಅಂತ ನಾವು ತಿಳಿಯುತ್ತೇವೆ. ಅದು ಗೇಟಿನಿಂದಲೇ ಶುರುವಾಗಬೇಕು. ಟೀಚರ್ ಮತ್ತು ತಾಯಿಯ ನಡುವೆ ಎಂಟು ವರ್ಷದ ಮಗುವನ್ನು ನಿಲ್ಲಿಸಿ ಅನುವಾದ ಮಾಡಿಸುವುದನ್ನು ಎಲ್ಲಿ ಕಂಡರೂ ದಯವಿಟ್ಟು ತಡೆಯಿರಿ. ತನ್ನ ಮೇಲಿನ ದೂರನ್ನು ತಾನೇ ಅಮ್ಮನಿಗೆ ಹೇಳುವ ಕಷ್ಟ ಆ ಮಗುವಿಗೆ ಬೇಡ.

ಈ ಪದ್ಧತಿಗೆ ಒಂದು ದೊಡ್ಡ ದುರ್ಬಲ ಜಾಗ ಇದೆ, ಮುಚ್ಚಿಡುವುದಿಲ್ಲ. ಬಡವರು ಮನೆ ಬದಲಿಸುತ್ತಲೇ ಇರುತ್ತಾರೆ. ಬಾಡಿಗೆ ಏರಿತೆಂದು ಒಂದನೇ ಕ್ಲಾಸಿನ ನಡುವೆಯೇ ಮಗು ಬರೀ ಇಂಗ್ಲಿಷ್ ಇರುವ ಶಾಲೆಗೆ ಹೋದರೆ, ನಿಮ್ಮ ಭಯ ನಿಜವಾಗುತ್ತದೆ. ಸ್ಪ್ಯಾನಿಷ್‌ನ ಬುನಾದಿ ಹಾಕಿದ್ದೇವೆ, ಗೋಡೆ ಎಬ್ಬಿಸಿಲ್ಲ. ಅದಕ್ಕೇ ಇಂಥ ಶಾಲೆ ನಡೆಸುವವರು ಮಗುವನ್ನು ಐದನೇ ಕ್ಲಾಸಿನವರೆಗೆ ಉಳಿಸಿಕೊಳ್ಳಲು ಪಾಠದಷ್ಟೇ ಒದ್ದಾಡಬೇಕು. ಮನೆ ಬದಲಿಸಿದರೂ ಅದೇ ಶಾಲೆಗೆ ಬರಲು ಬಸ್ಸು ಸಿಗುತ್ತದೆಯೇ ಎಂದು ಕೇಳುವುದು, ಬೆಳಗಿನ ತಿಂಡಿ ಮಧ್ಯಾಹ್ನದ ಊಟ ಎಲ್ಲರಿಗೂ ಉಚಿತವಾಗಿ ಸಿಗುವಂತೆ ನೋಡುವುದು, ಇವೂ ಭಾಷಾ ಶಿಕ್ಷಣದ ಕೆಲಸವೇ.

ಇನ್ನೊಂದು ಅಪಾಯ ನಮ್ಮಂಥವರಿಂದಲೇ ಬರುತ್ತದೆ. ಶಾಲೆ ಒಳ್ಳೆಯದೆಂದು ಹೆಸರಾದ ಕೂಡಲೇ ಸ್ಥಿತಿವಂತರು ತಮ್ಮ ಮಕ್ಕಳನ್ನು ತರುತ್ತಾರೆ. ಪೋಷಕರ ಸಭೆ ಮೆಲ್ಲಗೆ ಇಂಗ್ಲಿಷ್‌ಗೆ ತಿರುಗುತ್ತದೆ. ಮೊದಲು ಬಂದ ತಾಯಂದಿರು ಹಿಂದಿನ ಸಾಲಿಗೆ ಸರಿದು, ಆಮೇಲೆ ಬರುವುದನ್ನೇ ಬಿಡುತ್ತಾರೆ. ಸಮಿತಿಗೆ ಸೇರಿ ಅಂತಲೇ ನನ್ನ ಸಲಹೆ. ಆದರೆ ಸಭೆ ಸ್ಪ್ಯಾನಿಷ್‌ನಲ್ಲೇ ನಡೆಯಲಿ, ಅನುವಾದ ಕೇಳುವ ಇಯರ್‌ಫೋನ್ ನಿಮ್ಮ ಕಿವಿಯಲ್ಲಿರಲಿ. ಒಂದು ವರ್ಷ ಹಾಗೆ ಕೂತು ನೋಡಿ.

ಮಗಳ ವಿಷಯ. ಸೇರಿಸಿ ಎನ್ನುತ್ತೇನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಎರಡು, ಮೂರು ಭಾಷೆ ಭಾರ ಎಂದು ನಿಮ್ಮ ಅತ್ತೆ ಹೇಳಿದ್ದಾರಂತೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಐದರಿಂದ ಇಂಗ್ಲಿಷ್, ಹೀಗೇ ಬೆಳೆದವಳು ನಾನು. ನಮ್ಮ ಗಡಿ ಊರುಗಳಲ್ಲಿ ಇದು ದಿನದ ಮಾತು. ಮನೆಯಲ್ಲಿ ಕನ್ನಡ ಮಾತ್ರ ಬಿಡಬೇಡಿ. ಅಕ್ಷರವನ್ನೂ ಕಲಿಸಿ, ದಿನಕ್ಕೆ ಹತ್ತು ನಿಮಿಷ ಸಾಕು.

ಸೇರಿಸುವ ದಿನ ಒಂದು ಫಾರಂ ಕೊಡುತ್ತಾರೆ. ಮನೆಯಲ್ಲಿ ಹೆಚ್ಚಾಗಿ ಯಾವ ಭಾಷೆ ಬಳಸುತ್ತೀರಿ, ಮಗು ಹೆಚ್ಚಾಗಿ ಯಾವ ಭಾಷೆ ಆಡುತ್ತದೆ ಎಂಬ ಪ್ರಶ್ನೆ ಅದರಲ್ಲಿರುತ್ತದೆ. ನಮ್ಮವರಲ್ಲಿ ಕೆಲವರು ಮಗುವನ್ನು ಇಂಗ್ಲಿಷ್ ಪರೀಕ್ಷೆಗೆ ಕೂರಿಸುತ್ತಾರೆಂಬ ಸಂಕೋಚಕ್ಕೆ ಅಲ್ಲಿ ಇಂಗ್ಲಿಷ್ ಎಂದು ಬರೆದುಬಿಡುತ್ತಾರೆ. ಪರೀಕ್ಷೆ ಮಾಡಿದರೆ ಮಾಡಲಿ. ನಿಮ್ಮ ಮನೆಯಲ್ಲಿ ನಡೆಯುವುದು ಕನ್ನಡ. ಕನ್ನಡ ಎಂದೇ ಬರೆಯಿರಿ.

ಪ್ರೀತಿಯಿಂದ,
ಸಂಪಾದಕಿ