ವೈದ್ಯಕೀಯ ದಾಖಲೆ ಓದುವ ತರಬೇತಿಗೇ ಸೇರಿ

ಈ ವರ್ಷದ ವೃತ್ತಿ ಕಲಿಕೆಯ ಗಂಟೆಗಳನ್ನು ಹೊಸ ತೀರ್ಪುಗಳ ಉಪನ್ಯಾಸಗಳಿಗೆ ಮೀಸಲಿಡಲೇ, ವೈದ್ಯಕೀಯ ದಾಖಲೆ ಓದುವ ತರಬೇತಿಗೆ ಸೇರಲೇ ಎಂದು ಕೇಳಿದ್ದೀರಿ. ಗಾಯಾಳುಗಳ ಪರ ಪರಿಹಾರದ ದಾವೆ ನಡೆಸುವವರು ನೀವು, ಎರಡನೆಯದನ್ನೇ ಆರಿಸಿ. ತೀರ್ಪುಗಳನ್ನು ನೀವೇ ಓದಿಕೊಳ್ಳಬಲ್ಲಿರಿ. ಆಸ್ಪತ್ರೆಯ ಕಡತವನ್ನು ಓದುವುದಕ್ಕೆ ಗುರು ಬೇಕು.

ತಲೆಗೆ ಪೆಟ್ಟು ಬಿದ್ದ ಪ್ರಕರಣವನ್ನೇ ನೋಡಿ. ಗಾಯಾಳುವಿನ ಎಚ್ಚರದ ಮಟ್ಟ ಅಳೆಯಲು 1974ರಲ್ಲಿ ಬಳಕೆಗೆ ಬಂದ ಗ್ಲಾಸ್ಗೋ ಕೋಮಾ ಮಾಪಕದ ಅಂಕಗಳು 3ರಿಂದ 15ರವರೆಗೆ ಇರುತ್ತವೆ; 15 ಎಂದರೆ ಪೂರ್ಣ ಎಚ್ಚರ. ಕಡತದಲ್ಲಿ 15 ಎಂದಿದ್ದರೆ ಮಿದುಳಿಗೆ ಏನೂ ಆಗಿಲ್ಲವೆಂದು ಎದುರು ಪಕ್ಷ ವಾದಿಸುತ್ತದೆ. ಆದರೆ ಆ ಅಂಕ ಹೇಳುವುದು ಪರೀಕ್ಷಿಸಿದ ಹೊತ್ತಿನಲ್ಲಿ ಗಾಯಾಳು ಕಣ್ಣು ತೆರೆದದ್ದು, ಮಾತನಾಡಿದ್ದು, ಕೈಕಾಲು ಆಡಿಸಿದ್ದು ಹೇಗೆ ಎಂಬುದನ್ನಷ್ಟೇ. ಸಿಟಿ ಸ್ಕ್ಯಾನ್ ಸಹಜವಾಗಿದ್ದರೂ ಮರೆವು, ತಲೆನೋವು, ಏಕಾಗ್ರತೆಯ ಕೊರತೆ ತಿಂಗಳುಗಟ್ಟಲೆ ಉಳಿಯಬಹುದು. ಇದನ್ನು ಅರಿಯದೆ ತಜ್ಞ ವೈದ್ಯರ ಪಾಟೀಸವಾಲಿಗೆ ನಿಂತರೆ ಹಾನಿ ನಮಗಲ್ಲ, ಈಗಾಗಲೇ ನೊಂದಿರುವ ಕಕ್ಷಿದಾರರಿಗೆ. ದಾದಿಯರ ದಿನವಹಿ ಟಿಪ್ಪಣಿಗಳನ್ನು ಓದಲು ಕಲಿಸುವ ತರಗತಿಯಾದರೆ ಇನ್ನೂ ಒಳ್ಳೆಯದು. ನೋವು, ನಿದ್ರೆ, ಗೊಂದಲದ ವಿವರಗಳು ಹೆಚ್ಚಾಗಿ ಅಲ್ಲಿಯೇ ಇರುತ್ತವೆ.

ಗಂಟೆಗಳು ಉಳಿದರೆ ಭವಿಷ್ಯದ ಆದಾಯ ನಷ್ಟದ ಲೆಕ್ಕಾಚಾರ ಕಲಿಯಿರಿ. ಮುಂದಿನ ವರ್ಷಗಳ ನಷ್ಟದ ಪರಿಹಾರವನ್ನು ಇಂದೇ ಒಟ್ಟಾಗಿ ಕೊಡುವಾಗ, ಆ ಹಣ ಮುಂದೆ ಗಳಿಸುವ ಬಡ್ಡಿಗಾಗಿ ಅನ್ವಯಿಸುವ ಕಡಿತದ ದರ ಸ್ವಲ್ಪ ಏರಿದರೂ, ಎಳೆಯ ವಯಸ್ಸಿನ ಗಾಯಾಳುವಿಗೆ ಸಿಗುವ ಮೊತ್ತ ಬಹಳ ಕುಗ್ಗುತ್ತದೆ.

ಹೆಸರು ನೋಂದಾಯಿಸುವ ಮುನ್ನ ಎರಡು ವಿಷಯ ವಿಚಾರಿಸಿ: ಹೆಸರು ಅಳಿಸಿದ ನಿಜವಾದ ಕಡತಗಳ ಮೇಲೆ ಅಭ್ಯಾಸ ಮಾಡಿಸುತ್ತಾರೆಯೇ, ಆ ಗಂಟೆಗಳಿಗೆ ನಿಮ್ಮ ವಕೀಲರ ಪರಿಷತ್ತಿನ ಮಾನ್ಯತೆ ಇದೆಯೇ.