ನಲವತ್ತು ಬಿಲ್ಲಿನ ಒಂದು ಹಾಳೆ: ಬಿ.ಕಾಂ. ಪದವೀಧರೆಯ ಪ್ರಕರಣ

(ಉದ್ಯೋಗ ಸಲಹೆ ಕೇಳಿ ಬಂದವಳ ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ಸಿಂಧನೂರು ಕಡೆಯ ಹಳ್ಳಿ, ವಯಸ್ಸು 22, ಬಿ.ಕಾಂ. ಮುಗಿದಿದೆ, ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ಬರುತ್ತದೆ. ಏಳು ತಿಂಗಳಿಂದ ಮೊಬೈಲಿನಲ್ಲೇ ನೂರಕ್ಕೂ ಹೆಚ್ಚು ಅರ್ಜಿ ಹಾಕಿದ್ದಾಳೆ. ಒಂದೂ ಕರೆ ಬಂದಿಲ್ಲ. "ಎಲ್ಲಿ ಹೋದ್ರೂ ಅನುಭವ ಐತೇನು ಅಂತಾರ್ರೀ ಮೇಡಂ. ಕೆಲಸಾನ ಕೊಡದಿದ್ರ ಅನುಭವ ಎಲ್ಲಿಂದ ತರ್ಲಿ?"

ರೆಸ್ಯೂಮೆ ಬಣ್ಣಬಣ್ಣದ್ದು, ಎರಡು ಕಾಲಂ. ಟ್ಯಾಲಿಗೆ ನಾಲ್ಕು ಸ್ಟಾರ್, ಕೊಟ್ಟವಳು ಈಕೆಯೇ. ಎರಡು ಕಾಲಂ ಇದ್ದರೆ ಎಷ್ಟೋ ಪೋರ್ಟಲ್‌ಗಳ ತಂತ್ರಾಂಶ ಸಾಲುಗಳನ್ನು ಅಡ್ಡಡ್ಡ ಓದಿ ಕಲಸಿಬಿಡುತ್ತದೆ. ತಲೆಬರಹದಲ್ಲೇ 371ಜೆ (ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿ) ಎಂದು ದಪ್ಪಕ್ಷರ. ಸರ್ಕಾರಿ ಹುದ್ದೆಗೆ ಅದು ಬಲ, ಖಾಸಗಿ ಆಫೀಸಿಗೆ ಅದರಿಂದ ಏನೂ ತಿಳಿಯದು. ಫೋನ್ ನಂಬರ್ ಅಪ್ಪನದು. ಹಗಲೆಲ್ಲ ಗದ್ದೆಯಲ್ಲಿರುವ ಅವರು ಗುರುತಿಲ್ಲದ ಕರೆ ಎತ್ತುವುದಿಲ್ಲ. ಕರೆ ಬಂದೇ ಇಲ್ಲ ಎಂಬ ಮಾತನ್ನು ಪೂರ್ತಿ ನಂಬುವಂತಿರಲಿಲ್ಲ.

ರೆಸ್ಯೂಮೆ ತಿದ್ದುವುದಕ್ಕೆ ಅರ್ಧ ಗಂಟೆ ಸಾಕಾಯಿತು: ಒಂದೇ ಕಾಲಂ, ಒಂದೇ ಪುಟ, ಸ್ವಂತ ನಂಬರ್. ಉಳಿದ ಸಮಯವೆಲ್ಲ ಹೋದದ್ದು ಬೇರೆ ಕೆಲಸಕ್ಕೆ. ಅನುಭವ ಕೇಳುವವರ ಮುಂದೆ ಅವರದೇ ದಿನದ ಕೆಲಸವನ್ನು ಮಾಡಿ ಇಡಬೇಕು ಎಂಬುದೇ ಈ ಪ್ರಕರಣದ ಮುಖ್ಯ ಸಲಹೆ.

ಸಿಂಧನೂರು, ಗಂಗಾವತಿಯ ಆಡಿಟರ್ ಆಫೀಸುಗಳಲ್ಲಿ ತಿಂಗಳು ತಿಂಗಳು ಬೆವರಿಳಿಸುವ ಕೆಲಸವೆಂದರೆ ಅಂಗಡಿಯ ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ (ಮಾರಿದವರು ತೋರಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ಮಾಡಿಕೊಡುವ ಪಟ್ಟಿ) ಜತೆ ತಾಳೆ ನೋಡುವುದು. 2ಬಿ ಬರುವುದು ಮುಂದಿನ ತಿಂಗಳ 14ಕ್ಕೆ, ತೆರಿಗೆ ಕಟ್ಟುವ ರಿಟರ್ನ್ ಆದ 3ಬಿ ಸಲ್ಲಿಸಬೇಕಾದ್ದು 20ಕ್ಕೆ. ನಡುವೆ ಇರುವುದು ಆರೇ ದಿನ. ಹಾಗಾಗಿ ಗೊಬ್ಬರ–ಎಣ್ಣಿ (ಕೀಟನಾಶಕ) ಅಂಗಡಿಯೊಂದನ್ನು ಕಲ್ಪಿಸಿಕೊಂಡು 40 ಬಿಲ್ಲುಗಳ ಎಕ್ಸೆಲ್ ಹಾಳೆ ಮಾಡಲು ಹೇಳಲಾಯಿತು. ಈ ಅಂಗಡಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ: ಗೊಬ್ಬರಕ್ಕೆ ಶೇ 5, ರಾಸಾಯನಿಕ ಕೀಟನಾಶಕಕ್ಕೆ ಶೇ 18, ಎರಡೂ ಒಂದೇ ಬಿಲ್ಲಿನಲ್ಲಿ ಬಂದಾಗ ತಪ್ಪು ಸುಲಭ. ಹೊರರಾಜ್ಯದ ಹೈದರಾಬಾದಿನಿಂದ ಬಂದ ಮಾಲಿಗೆ ಐಜಿಎಸ್‌ಟಿ, ನಮ್ಮ ರಾಜ್ಯದೊಳಗಿನ ರಾಯಚೂರಿನದಕ್ಕೆ ಸಿಜಿಎಸ್‌ಟಿ (ಕೇಂದ್ರದ ಪಾಲು) ಮತ್ತು ಎಸ್‌ಜಿಎಸ್‌ಟಿ (ರಾಜ್ಯದ ಪಾಲು).

ಹಾಳೆಯಲ್ಲಿ ಬೇಕೆಂದೇ ನಾಲ್ಕು ತಪ್ಪು ಇಡಬೇಕಿತ್ತು. ಒಂದು ಬಿಲ್ಲು ಎರಡು ಸಲ ಏರಿರಬೇಕು. ಒಂದರ ನಂಬರ್ ಪುಸ್ತಕದಲ್ಲಿ 145, 2ಬಿಯಲ್ಲಿ 0145 ಆಗಿರಬೇಕು. ಕಣ್ಣಿಗೆ ಎರಡೂ ಒಂದೇ, ಎಕ್ಸೆಲ್‌ನಲ್ಲಿ ಹುಡುಕಿ ತಾಳೆ ಹಾಕುವ ಸೂತ್ರ ವಿ-ಲುಕಪ್‌ಗೆ ಬೇರೆ. ಒಂದರಲ್ಲಿ ಐಜಿಎಸ್‌ಟಿ ಮೊತ್ತ ತಪ್ಪು ಕಾಲಂಗೆ ಬಿದ್ದಿರಬೇಕು. ಕೊನೆಯದು 2ಬಿಯಲ್ಲಿ ಕಾಣಿಸಲೇಬಾರದು, ಏಕೆಂದರೆ ಮಾರಿದವನು ತನ್ನ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ತುಂಬಿಲ್ಲ. ಪ್ರತಿ ತಪ್ಪಿನ ಪಕ್ಕದ ಖಾನೆಯಲ್ಲಿ ಮುಂದೇನು ಮಾಡಬೇಕೆಂಬ ಒಂದು ಸಾಲು; ಉದಾಹರಣೆಗೆ, "ಮಾರಿದವರಿಗೆ ಫೋನ್ ಮಾಡುವುದು, 2ಬಿಗೆ ಬರುವ ತನಕ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯ ವಜಾ) ತೆಗೆದುಕೊಳ್ಳಬಾರದು." ಆಡಿಟರ್ ನಿಂತು ಓದುವುದು ಆ ಖಾನೆಯನ್ನೇ.

ಆಡಿಟರ್ ಆಫೀಸಿನ ಮೊದಲ ಭೇಟಿ ಕೆಟ್ಟಿತು. ಬಿಲ್ಲು ಕಲ್ಪಿಸುವುದು ಬೇಸರವೆನಿಸಿ, ಸೋದರಮಾವನ ಅಂಗಡಿಯ ನಿಜವಾದ ಬಿಲ್ಲುಗಳನ್ನೇ ಜಿಎಸ್‌ಟಿ ನಂಬರ್ ಸಮೇತ ಏರಿಸಿದ್ದಳು. ಆಡಿಟರ್ ಕೇಳಿದ್ದು ಒಂದೇ ಮಾತು: "ಮಾವನ ಲೆಕ್ಕ ನನಗ ತೋರಿಸೀಯವ್ವ, ನಾಳೆ ನನ್ನ ಪಾರ್ಟಿ ಲೆಕ್ಕ ಯಾರಿಗೆ ತೋರಿಸ್ತಿ?" ಪಾರ್ಟಿ ಎಂದರೆ ಆಫೀಸಿನ ಗಿರಾಕಿ. ಲೆಕ್ಕದ ಕೆಲಸದಲ್ಲಿ ಬಾಯಿ ಬಿಗಿ ಇಲ್ಲದವರಿಗೆ ಜಾಗವಿಲ್ಲ. ಹೆಸರು, ನಂಬರ್ ಎಲ್ಲ ಬದಲಿಸಿ, ಮೇಲೆ "ಕಲ್ಪಿತ ಮಾದರಿ" ಎಂದು ಬರೆದು ಹಾಳೆಯನ್ನು ಹೊಸದಾಗಿ ಮಾಡಿಸಲಾಯಿತು.

ಹೋಗುವ ದಿನವೂ ಮುಖ್ಯ. ಈಕೆ 18ಕ್ಕೆ ಹೋಗಿದ್ದಳು, ಆಫೀಸಿನಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತಿಲ್ಲದ ದಿನ. 22ರಿಂದ 28ರ ನಡುವೆ, ಮಧ್ಯಾಹ್ನ ಊಟದ ನಂತರ ಹೋಗುವುದು ಲೇಸು. ಶಕ್ತಿ ಯೋಜನೆಯಿರುವುದರಿಂದ ಸರ್ಕಾರಿ ಬಸ್ಸಿಗೆ ದುಡ್ಡಿನ ಚಿಂತೆಯಿರಲಿಲ್ಲ. ಹಾಳೆಯ ಎರಡು ಪ್ರಿಂಟ್ ಒಯ್ಯಬೇಕು, ಒಂದನ್ನು ಅಲ್ಲೇ ಬಿಡಬೇಕು. ಮಾತು ಎರಡು ನಿಮಿಷ: "14ರಿಂದ 20ರ ತನಕ ತಾಳೆ ನೋಡೋ ಕೆಲಸ ನಾನು ಮಾಡಬಲ್ಲೆ ಸರ್, ಒಂದು ಪಾರ್ಟಿದು ಕೊಟ್ಟು ನೋಡ್ರಿ." ಕೆಲಸ ಖಾಲಿ ಐತೇನ್ರಿ ಎಂದು ಶುರು ಮಾಡಿದರೆ ಇಲ್ಲ ಎನ್ನುವುದು ಸುಲಭ. ಮೂರನೇ ದಿನ ಒಂದು ವಾಟ್ಸಾಪ್ ಸಂದೇಶ. ಅದಕ್ಕಿಂತ ಹೆಚ್ಚು ಬೇಡ.

ಎರಡನೇ ಸುತ್ತಿನಲ್ಲಿ ಐದು ಆಫೀಸು. ಮೂರು ಕಡೆ ಇಲ್ಲವೆಂದರು. ಒಬ್ಬರು, ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್ ಗಡುವಿಗೆ ಕೈ ಬೇಕಾಗುತ್ತದೆ, ಆಗಸ್ಟಿನಲ್ಲಿ ಬಾ ಎಂದರು. ಗಂಗಾವತಿಯ ಒಂದು ಕಡೆ ಹತ್ತು ದಿನ ಬಂದು ನೋಡೆಂದರು. ಸಂಬಳದ ಮಾತೆತ್ತಲು ಈಕೆಗೆ ಸಂಕೋಚ. ಎಷ್ಟು ದಿನ, ಎಷ್ಟು ಹೊತ್ತು, ಹನ್ನೊಂದನೇ ದಿನದಿಂದ ತಿಂಗಳಿಗೆ ಎಷ್ಟು ಎಂಬುದನ್ನು ಮೊದಲ ದಿನವೇ ವಾಟ್ಸಾಪಿನಲ್ಲಿ ಬರೆದು ಕೇಳಲು ಸೂಚಿಸಲಾಯಿತು. ಬರೆದಳು. ಮೊದಲ ಎರಡಕ್ಕೆ ಉತ್ತರ ಬಂದಿದೆ. ಮೂರನೆಯದಕ್ಕಾಗಿ ಮುಂದಿನ ಭೇಟಿಯನ್ನು 21ಕ್ಕೆ ಇಟ್ಟುಕೊಳ್ಳಲಾಗಿದೆ.